ಐದೂವರೆ ಗಂಟು ದೂರ

ಹೊಲಿಗೆಯ ಡಬ್ಬಿ ತೆರೆದರೆ ಬೇಕಾದದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ನಿಮ್ಮ ಮನೆಯಲ್ಲೂ ಹಾಗೇ ತಾನೆ? ಮೊನ್ನೆ ರವಿಕೆಗೊಂದು ಹುಕ್ಕು ಹುಡುಕಲು ಹೋದೆ. ಡಬ್ಬಿಯ ತಳದಲ್ಲಿ ದಾರದ ಸಣ್ಣ ಉಂಡೆಯೊಂದು ಕೈಗೆ ಸಿಕ್ಕಿತು. ಹೂ ಕಟ್ಟುವ ಬಿಳಿಯ ದಾರ, ಈಗ ಕಾಫಿ ಬಣ್ಣಕ್ಕೆ ತಿರುಗಿದೆ. ಬಿಡಿಸುತ್ತ ಹೋದರೆ ಮುಕ್ಕಾಲು ಅಂಗುಲಕ್ಕೊಂದು ಗಂಟು, ಒಂದೊಂದು ಗಂಟಿಗೂ ನೀಲಿ ಶಾಯಿಯ ಚುಕ್ಕೆ. ಬೇರೆ ಯಾರಾದರೂ ನೋಡಿದರೆ ಮಾಟದ ದಾರವೆಂದು ಹೆದರಿಯಾರು. ಇದು ನಮ್ಮಪ್ಪನ ದಾರ, ಒಂದು ಗಂಟಿಗೆ ಐನೂರು ಮೈಲಿ.

ನನ್ನ ವಯಸ್ಸಿನ ಹೆಂಗಸರು ಇಂಥದ್ದು ಸಿಕ್ಕಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ನನಗೆ ಬಂದದ್ದು ಸಿಟ್ಟು. ಈಗ ಫೋನಿನಲ್ಲಿ ಎರಡು ಊರುಗಳ ಹೆಸರು ಬರೆದರೆ ಸಾಕು, ಇಷ್ಟು ಮೈಲಿ, ಇಷ್ಟು ಗಂಟೆ ಎಂದು ಬಂದುಬಿಡುತ್ತದೆ. ದಾರವನ್ನು ಪಕ್ಕಕ್ಕಿಟ್ಟು ಮುಂಬಯಿಯಿಂದ ನೈರೋಬಿಗೆ ಎಷ್ಟು ದೂರವೆಂದು ನಾನೂ ಕೇಳಿ ನೋಡಿದೆ. ಅಪ್ಪನ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಅರವತ್ತರ ದಶಕದ ಕೊನೆಯ ಮಾತು. ಅಪ್ಪ ಬೊಂಬಾಯಿಯ ಫೋರ್ಟಿನಲ್ಲಿ ಸರಕು ಸಾಗಿಸುವ ಒಂದು ಕಂಪನಿಯಲ್ಲಿ ಗುಮಾಸ್ತ. ಮೈಸೂರಿನ ಕಡೆಯಿಂದ ಬಂದು ಸಯನ್‌ನಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದ. ಕಂಪನಿಯವರು ಬಿಸಾಡಿದ ಒಂದು ಭೂಗೋಳವನ್ನು ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದ. ಬಿಸಾಡಿದ್ದು ಯಾಕೆಂದರೆ ಅದರ ದಕ್ಷಿಣ ಧ್ರುವ ಒಡೆದಿತ್ತು. ನಮ್ಮ ಪೈಕಿ ಯಾರೂ ಅಲ್ಲಿಗೆ ಹೋಗುವವರಿಲ್ಲ, ನಡೆಯುತ್ತೆ ಎಂದ ಅಪ್ಪ. ಅಮ್ಮನ ಹೂವಿನ ದಾರ ಕತ್ತರಿಸಿ, ಗಂಟು ಹಾಕಿ, ಚುಕ್ಕೆ ಇಟ್ಟ. ಒಂದು ತುದಿ ಬೊಂಬಾಯಿಯ ಮೇಲೆ, ಇನ್ನೊಂದು ತುದಿ ಹೋಗಬೇಕಾದ ಊರಿನ ಮೇಲೆ. ಒಂದು ಗಂಟಿಗೆ ಸುಮಾರು ಒಂದು ಗಂಟೆ, ಮೇಲೇರಲು ಕೆಳಗಿಳಿಯಲು ಬೇರೆ ಅರ್ಧ ಗಂಟೆ.

"ನಕಾಶೆ ನಂಬಬೇಡಿ ರೀ, ನಕಾಶೆ ಸುಳ್ಳು ಹೇಳುತ್ತೆ. ಭೂಮಿ ದುಂಡಗಿದೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಬರುವವರೂ ಇದ್ದರು. ಬಿಲ್ಡಿಂಗಿನಲ್ಲಿ ಯಾರ ಭಾವಮೈದುನನಾದರೂ ಕುವೈತಿಗೆ ಹೊರಟರೆ, ಯಾರ ಚಿಕ್ಕಪ್ಪನಾದರೂ ಲಂಡನ್ನಿನಿಂದ ಬರುತ್ತಾನೆಂದರೆ ಅಪ್ಪನ ಹತ್ತಿರ ಸವಾರಿ ಬರುತ್ತಿತ್ತು. ಅಮ್ಮ ಕಾಫಿ ಕೊಡುತ್ತಿದ್ದಳು, ಅಪ್ಪ ದಾರ ಹಿಡಿಯುತ್ತಿದ್ದ. ತಾನು ಮಾತ್ರ ಜೀವಮಾನದಲ್ಲಿ ಒಂದು ಸಲವೂ ವಿಮಾನ ಹತ್ತಲಿಲ್ಲ. ಬಸ್ಸಿನ ಮೇಲಂತಸ್ತಿನಲ್ಲಿ ಕೂತರೂ ತಲೆ ಸುತ್ತುತ್ತದೆ ಎನ್ನುತ್ತಿದ್ದ ಮನುಷ್ಯ ಅವನು.

ಅಕ್ಕ ವಿಮಲಳಿಗೆ ನೈರೋಬಿಯ ಗಂಡು ಬಂದಾಗ ಅಪ್ಪನಿಗೆ ಅದು ಹೊಸ ಊರೇ ಆಗಿರಲಿಲ್ಲ. ವರ ಅಲ್ಲೊಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು, ರಜಕ್ಕೆ ಬಂದಿದ್ದ. ಅಪ್ಪ ದಾರವಿಟ್ಟು, "ಐದೂವರೆ ಗಂಟು, ಮೇಲೊಂಚೂರು. ಆರು ಗಂಟೆ. ಮೈಸೂರಿಗೆ ಹೋಗೋಕೆ ನಮಗೆ ಒಂದೂವರೆ ದಿನ ಬೇಕು. ಯಾವುದು ಹತ್ತಿರ, ಹೇಳೇ?" ಎಂದು ಅಮ್ಮನನ್ನು ಕೇಳಿದ. ಮದುವೆಯಾಯಿತು.

ಆದರೆ ವಿಮಾನ ಹೊರಡುವುದು ಶುಕ್ರವಾರ. ಶುಕ್ರವಾರ ಮಗಳನ್ನು ಮನೆಯಿಂದ ಕಳಿಸಿದರೆ ಲಕ್ಷ್ಮಿಯನ್ನೇ ಕಳಿಸಿದಂತೆ ಎಂದು ಅಮ್ಮ ಹಟ ಹಿಡಿದಳು. ವಿಮಾನಕ್ಕೆ ವಾರ ತಿಥಿ ಹೇಳೋಕಾಗುತ್ತೇನೇ ಎಂದು ಅಪ್ಪ ರೇಗಿದ. ಕೊನೆಗೆ ಇಬ್ಬರೂ ಸೇರಿ ಪ್ರಸ್ಥಾನದ ದಾರಿ ಹುಡುಕಿದರು. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಗಂಟುಮೂಟೆಯಲ್ಲಿ ಒಂದನ್ನು ಬೇರೆಯವರ ಮನೆಯಲ್ಲಿಡುವುದು, ಅಲ್ಲಿಗೆ ಪ್ರಯಾಣ ಶುರುವಾದಂತೆ ಲೆಕ್ಕ. ಗುರುವಾರ ಬೆಳಿಗ್ಗೆ ಅಕ್ಕನ ಸೂಟ್‌ಕೇಸು ಎದುರುಮನೆಯ ಖಾತೂನ್‌ಬಿಯ ಮನೆಗೆ ಹೋಯಿತು. ಖಾತೂನ್‌ಬಿ ಬಿಜಾಪುರದ ಕಡೆಯವಳು, ಬಿಲ್ಡಿಂಗಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವಳು, ನಮಗೆ ಚಾಚಿ. ಆ ಸೂಟ್‌ಕೇಸಿನ ಮೇಲೆ ಅತಿಥಿಗೆ ಹೊದಿಸುವ ಹಾಗೆ ಹೊಸ ಚಾದರ ಹೊದಿಸಿ, "ಇದು ನಮ್ಮನಿ ಮೆಹಮಾನ್ ಅದ, ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ತನ್ನ ಗಂಡನನ್ನೂ ಹತ್ತಿರ ಬಿಡಲಿಲ್ಲವಂತೆ.

ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಮೂರು ಟ್ಯಾಕ್ಸಿಗಳಲ್ಲಿ ಹೋದೆವು. ಆಗ ಹಾಗೆ, ಹೋಗುವವನೊಬ್ಬ, ಕಳಿಸುವವರು ಹದಿನೈದು. ಕಳಿಸಲು ಬಂದವರ ಗ್ಯಾಲರಿಯಲ್ಲಿ ನಿಂತು ಅಕ್ಕನ ವಿಮಾನಕ್ಕೆ ಕೈ ಬೀಸಿದೆವು. ಅಮ್ಮ ಸೆರಗು ಬೀಸಿದಳು, ಖಾತೂನ್‌ಬಿ ದುಆ ಓದಿ ಗಾಳಿಗೆ ಊದಿದಳು. ವಿಮಾನ ಮೇಲೆದ್ದು ಚುಕ್ಕೆಯಾಗುವವರೆಗೆ ಅತ್ತೆವು. ಅದು ಕಲ್ಕತ್ತೆಗೆ ಹೋಗುವ ವಿಮಾನವೆಂದು ಗ್ಯಾಲರಿಯ ಕಾವಲುಗಾರ ಆಮೇಲೆ ಹೇಳಿದ. ಅಕ್ಕನ ವಿಮಾನ ಹೊರಟಾಗ ನಮ್ಮ ಬಳಿ ಕಣ್ಣೀರು ಮುಗಿದಿತ್ತು, ಹಸಿವೂ ಆಗಿತ್ತು.

ಅಮ್ಮ ಅಪ್ಪನ ದಾರವನ್ನು ನಂಬಲಿಲ್ಲ. ಅಪ್ಪ ಕಂಪನಿಯಿಂದ ತಂದಿದ್ದ ವಿಮಾನಗಳ ವೇಳಾಪಟ್ಟಿಯನ್ನು ಓದಿಸಿಕೊಂಡಳು. ಬೊಂಬಾಯಿ ಬಿಡುವುದು ಎಂಟಕ್ಕೆ, ನೈರೋಬಿ ಮುಟ್ಟುವುದು ಹನ್ನೊಂದೂವರೆಗೆ. ಅಲ್ಲಿಂದ ಬಿಡುವುದು ಎಂಟಕ್ಕೆ, ಇಲ್ಲಿ ಇಳಿಯುವುದು ನಾಲ್ಕೂವರೆಗೆ. ಬೆರಳು ಮಡಿಚಿ ಎಣಿಸಿದಳು. ಹೋಗುವುದಕ್ಕೆ ಮೂರೂವರೆ ಗಂಟೆ, ಬರುವುದಕ್ಕೆ ಎಂಟೂವರೆ. ಅಲ್ಲಿನ ಗಡಿಯಾರ ಎರಡೂವರೆ ಗಂಟೆ ಹಿಂದಿರುತ್ತದೆ, ಎರಡೂ ಕಡೆ ಆರೇ ಗಂಟೆ ಎಂದು ಅಪ್ಪ ಭೂಗೋಳ ತಿರುಗಿಸಿ ತಿರುಗಿಸಿ ಹೇಳಿದ.

"ನಿಮ್ಮ ಗಡಿಯಾರ ಹೇಗಾದರೂ ಇರಲಿ. ಮಗಳು ಹೋಗೋಕೆ ಹತ್ತಿರ, ಬರೋಕೆ ದೂರ. ಇದು ನನಗೆ ಮೊದಲೇ ಗೊತ್ತಿತ್ತು," ಎಂದಳು ಅಮ್ಮ. ಇದನ್ನು ಹೇಳಿಕೊಂಡು ನಾವು ವರ್ಷಗಟ್ಟಲೆ ನಕ್ಕೆವು.

ನನ್ನ ಸರದಿ ಬಂತು. ಬಂದ ಮೊದಲ ಗಂಡು ಲಂಡನ್ನಿನದು. ಫೋಟೋ ಬಂದಿತ್ತು, ಕೋಟು ಹಾಕಿಕೊಂಡಿದ್ದ. ಮನುಷ್ಯ ಹೇಗಿದ್ದನೋ ಈಗ ನೆನಪಿಲ್ಲ, ಕೋಟು ಚೆನ್ನಾಗಿ ನೆನಪಿದೆ. ಆ ಕೋಟಿನ ಗುಂಡಿಗಳನ್ನು ಎಣಿಸುತ್ತ ನಾಲ್ಕು ದಿನ ಅನ್ನ ಸೇರದಷ್ಟು ಪೆದ್ದಿಯಾಗಿದ್ದೆ. ಅಪ್ಪ ದಾರವಿಟ್ಟ. ಒಂಬತ್ತು ಗಂಟು. ಅಮ್ಮ ಅಡುಗೆಮನೆಯಿಂದ ಬಂದು ದಾರವನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಒಬ್ಬಳನ್ನ ಆಕಾಶಕ್ಕೆ ಕೊಟ್ಟಿದ್ದು ಸಾಕು. ಪದ್ಮ ನನಗೆ ಕೂಗಳತೇಲಿ ಬೇಕು. ನಾನು ಬಿದ್ದರೆ ಎತ್ತೋಕೆ ಒಬ್ಬಳಾದರೂ ಬೇಡವಾ?"

ಅಮ್ಮನ ಆಸೆಯಲ್ಲಿ ತಪ್ಪೇನಿತ್ತು? ಆಗಲೂ ನನಗೆ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆರು ತಿಂಗಳಲ್ಲಿ ಘಾಟ್ಕೋಪರ್‌ನ ಗಂಡು ಗೊತ್ತಾಯಿತು. ಸರಕಾರಿ ನೌಕರಿ, ಸ್ವಂತ ಬ್ಲಾಕು ಮನೆ, ಧಾರವಾಡದ ಕಡೆಯ ಒಳ್ಳೆಯ ಮನೆತನ. ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದರೆ ಕುರ್ಲಾ, ವಿದ್ಯಾವಿಹಾರ್, ಅದಾದ ಮೇಲೆ ಘಾಟ್ಕೋಪರ್. ಕಾಲು ಗಂಟೆಯೂ ಇಲ್ಲ. ಅಪ್ಪ ತಮಾಷೆಗೆ ದಾರ ಇಡಲು ಹೋಗಿ, ಭೂಗೋಳದ ಮೇಲೆ ಎರಡು ಊರಿಗೂ ಸೇರಿ ಒಂದು ಸೂಜಿ ಊರುವ ಜಾಗವೂ ಇಲ್ಲ ಎಂದು ನಕ್ಕ. ಅಮ್ಮ ಎರಡು ಊರುಗಳಿಗೂ ಸಕ್ಕರೆ ಹಂಚಿದಳು.

ಮದುವೆಯಾದ ಮೊದಲ ವಾರ ನಾನು ಅತ್ತೆಯನ್ನು ಕೇಳಿದೆ, "ಅಮ್ಮನ್ನ ನೋಡ್ಕೊಂಡು ಬರಲಾ?"

"ಇಲ್ಲೇ ಅದಲ್ಲ ನಿನ್ನ ತವರಮನಿ! ಎಲ್ಲಿ ಓಡಿ ಹೋಗ್ತದ? ಯಾವಾಗ ಬೇಕಾದಾಗ ಹೋಗಲಿಕ್ಕೆ ಬರ್ತದ," ಎಂದರು ಅತ್ತೆ. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದರು.

ಯಾವಾಗ ಬೇಕಾದಾಗ! ಈ ಮಾತಿನಷ್ಟು ಮೋಸದ ಮಾತನ್ನು ನಾನು ಇನ್ನೊಂದು ಕೇಳಿಲ್ಲ. ಮಂಗಳವಾರ ಶುಕ್ರವಾರ ಸೊಸೆ ಹೊಸಿಲು ದಾಟುವಂತಿಲ್ಲ. ತವರಿನವರು ಬಂದು ಕರೆಯದೆ ಹೋಗುವಂತಿಲ್ಲ. ಒಬ್ಬಳೇ ಹೋಗುವಂತಿಲ್ಲ. ಇದೆಲ್ಲ ದಾಟಿ ಹೋದರೂ ಅದೇ ಸಾಯಂಕಾಲ ವಾಪಸು ಬರಬೇಕು, ಹತ್ತಿರವಲ್ಲವೇ? ದೂರದ ತವರಾದರೆ ತಿಂಗಳು ಇದ್ದು ಬರುವುದು ಸರಿ. ಅತ್ತೆಯ ತವರು ಗದಗಿನಾಚೆ, ಗಾಡಿ ಕಟ್ಟಿಕೊಂಡು ಹೋಗಿ ಎರಡೆರಡು ತಿಂಗಳು ಇದ್ದು ಬರುತ್ತಿದ್ದುದನ್ನು ಅವರೇ ಕಣ್ಣರಳಿಸಿ ಹೇಳುತ್ತಿದ್ದರು. ಕೆಟ್ಟವರಲ್ಲ ಅವರು. ನನ್ನ ತವರು ಗದಗಿನಲ್ಲಿದ್ದಿದ್ದರೆ ತಾವೇ ಬುತ್ತಿ ಕಟ್ಟಿ ಕಳಿಸುತ್ತಿದ್ದರು, ದೇವರಾಣೆಗೂ.

ಅಕ್ಕ ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ತಳವೂರುತ್ತಿದ್ದಳು. ಬಸಿರಿಯಾದಾಗ ಆರನೆಯ ತಿಂಗಳಿಗೇ ಡಾಕ್ಟರ ಕಾಗದ ಹಿಡಿದುಕೊಂಡು ವಿಮಾನದಲ್ಲಿ ಬಂದವಳು, ಮಗುವಿಗೆ ಕತ್ತು ನಿಂತ ಮೇಲೆ ಹೋದಳು. ನನ್ನ ಬಾಣಂತನ ಘಾಟ್ಕೋಪರ್‌ನಲ್ಲೇ ನಡೆಯಿತು. ಇಲ್ಲೇ ಇರುವಾಗ ಹಸಿಗೂಸನ್ನು ಯಾಕೆ ಅಲ್ಲಾಡಿಸಬೇಕು, ನಿಮ್ಮ ತಾಯಿಯೇ ಬಂದು ಹೋಗಲಿ ಎಂದಾಯಿತು. ಅಮ್ಮ ನಲವತ್ತು ದಿನ ಮಂಡಿನೋವಿನ ಕಾಲಿನಲ್ಲಿ ಸ್ಟೇಷನ್ನಿನ ಸೇತುವೆ ಹತ್ತಿಳಿದು, ಮೆಂತ್ಯದ ಮುದ್ದೆಯ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಬೀಗರ ಮನೆ, ಹಾಗಾಗಿ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದಳು. ನಾಲ್ಕು ಗಂಟೆಗೆ ಏಳುತ್ತಿದ್ದಳು. ಮದುವೆಯಾದ ಮೇಲಿನ ಆರು ವರ್ಷಗಳಲ್ಲಿ ನಾನು ಅಮ್ಮನ ಪಕ್ಕದಲ್ಲಿ ಮಲಗಿದ್ದು ಹನ್ನೊಂದು ರಾತ್ರಿ. ಎಣಿಸಿದ್ದೇನೆ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಬೆಟ್ಟವಷ್ಟೇ ಅಲ್ಲ, ಮಗಳೂ ಹಾಗೆಯೇ. ಅಕ್ಕ ಬರುತ್ತಾಳೆಂದರೆ ಅಪ್ಪ ರಜ ಹಾಕುತ್ತಿದ್ದ. ನಾನು ಬಂದರೆ, "ಓ, ನೀನಾ" ಎಂದು ಪೇಪರು ಓದುತ್ತಿದ್ದ.

ಆರನೆಯ ವರ್ಷ ಒಂದು ಬುಧವಾರ ಸಂಜೆ ಅಮ್ಮ ನೀರು ತುಂಬಿಸುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳಂತೆ. ಅಪ್ಪ, ಖಾತೂನ್‌ಬಿ ಸೇರಿ ಆಸ್ಪತ್ರೆಗೆ ಸೇರಿಸಿದರು. ಬರಬೇಕಾದವರನ್ನು ಕರೆಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಅಪ್ಪ ನೆಟ್ಟಗೆ ತಂತಿ ಕಚೇರಿಗೆ ಹೋಗಿ ನೈರೋಬಿಗೆ ತಂತಿ ಕೊಟ್ಟ. ತಾಯಿಗೆ ಸೀರಿಯಸ್, ಕೂಡಲೇ ಹೊರಡು. ಘಾಟ್ಕೋಪರ್‌ಗೆ ಖಾತೂನ್‌ಬಿಯ ಕೈಲಿ ಹೇಳಿ ಕಳಿಸಿದ. ನಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತಿತ್ತು, ಎರಡು ಸ್ಟೇಷನ್ ದಾಟಿದರೆ ನಾನು.

ಖಾತೂನ್‌ಬಿ ಗುರುವಾರ ಬೆಳಿಗ್ಗೆ ಬಂದಾಗ ನಮ್ಮ ಮನೆಯಲ್ಲಿ ಮಾವನವರ ತಂದೆಯ ಶ್ರಾದ್ಧ. ನಾನು ಮಡಿಯಲ್ಲಿ ಒಲೆಯ ಮುಂದೆ. ಬಾಗಿಲಿನ ಹೊರಗೇ ನಿಂತು ಅವಳು ಹೇಳಿದಳು, "ಬೇಟಿ, ಅಮ್ಮಾಗ ಭಾಳ ತ್ರಾಸ್ ಆಗ್ಯದ. ದವಾಖಾನ್ಯಾಗ ಹಾಕ್ಯಾರ. ನೀ ಜಲ್ದಿ ನಡಿ."

ನಾನು ಅತ್ತೆಯ ಮುಖ ನೋಡಿದೆ.

"ಅಷ್ಟು ಜೋರಿದ್ರ ನಿಮ್ಮಪ್ಪ ತಾರ್ ಕೊಡ್ತಿದ್ರಲ್ಲ?" ಎಂದರು ಅತ್ತೆ. "ಬಾಯಿಲೆ ಹೇಳಿ ಕಳಸ್ತಾರೇನು? ಎದಿ ಉರಿ ಇರಬೇಕು, ನನಗೂ ಬರ್ತದ. ಪಿತೃಕಾರ್ಯ ಬಿಟ್ಟು ಹ್ಯಾಂಗ ಹೋಗ್ತಿ? ನಾಳೆ ಶುಕ್ರವಾರ. ಶನಿವಾರ ಇವಂದು ಅರ್ಧಾ ದಿನ ಆಫೀಸು, ಕರಕೊಂಡು ಹೋಗ್ತಾನ."

ನನ್ನ ಗಂಡ ಪಂಚೆಯಲ್ಲಿ ನಿಂತು ಪುರೋಹಿತರ ದಾರಿ ನೋಡುತ್ತಿದ್ದರು. ಅವರು ಏನಾದರೂ ಅಂದಾರು ಎಂದು ಕಾದೆ. ಅವರು ಬಾಳೆಲೆ ಎಣಿಸಿದರು.

ಇಷ್ಟು ವರ್ಷ ಈ ಕಥೆಯನ್ನು ನಾನು ಅತ್ತೆಯ ಮೇಲೆ ಹಾಕಿ ಹೇಳಿಕೊಂಡು ಬಂದಿದ್ದೇನೆ. ಕೇಳಿದವರೆಲ್ಲ ಅವರನ್ನು ಬೈದಿದ್ದಾರೆ, ನನಗೆ ಹಿತವಾಗಿದೆ. ನಿಮ್ಮ ಹತ್ತಿರ ನಿಜ ಹೇಳುತ್ತೇನೆ. ತಾರ್ ಬಂದಿಲ್ಲ ಎಂದು ಅವರು ಅಂದಾಗ ನನಗೂ ಹೌದಲ್ಲ ಎನ್ನಿಸಿತು. ಖಾತೂನ್‌ಬಿಯ ಕಣ್ಣು ಕೆಂಪಾಗಿದ್ದುದನ್ನು ನೋಡಿದ್ದೆ. ಆದರೂ ಅವಳ ಕಣ್ಣಿಗಿಂತ ತಂತಿ ಕಚೇರಿಯ ಕಾಗದವೇ ನನಗೂ ದೊಡ್ಡದಾಯಿತು. ಬಾಗಿಲು ತೆರೆದಿತ್ತು, ಸ್ಟೇಷನ್ ಹತ್ತು ನಿಮಿಷದ ದಾರಿ, ನನ್ನ ಕಾಲನ್ನು ಯಾರೂ ಕಟ್ಟಿರಲಿಲ್ಲ.

"ಶನಿವಾರ ಬರ್ತೀನಿ ಅಂತ ಹೇಳಿ ಚಾಚಿ," ಎಂದು ನಾನೇ ಹೇಳಿ ಕಳಿಸಿದೆ. ಅವಳು ಒಂದು ಕ್ಷಣ ನಿಂತು ನೋಡಿದಳು. ಸೆರಗು ತಲೆಯ ಮೇಲೆಳೆದುಕೊಂಡು ಮೆಟ್ಟಿಲಿಳಿದಳು. ಶ್ರಾದ್ಧದ ವಡೆ ಅಂದು ಬಹಳ ಚೆನ್ನಾಗಿ ಬಂದಿತ್ತು, ಎಲ್ಲರೂ ಹೊಗಳಿದರು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಮನೆಯ ಗ್ಯಾಲರಿಯಲ್ಲಿ ಬಟ್ಟೆ ಹರವುತ್ತಿದ್ದೆ. ಸಾಂತಾಕ್ರೂಜಿನಲ್ಲಿ ಇಳಿಯುವ ವಿಮಾನಗಳು ಘಾಟ್ಕೋಪರ್‌ನ ಮೇಲೆಯೇ ತಗ್ಗಿ ಹಾರಿಬರುತ್ತವೆ, ಕಿಟಕಿಯ ಗಾಜು ನಡುಗುತ್ತದೆ. ದಿನವೂ ಬರುವಂಥದ್ದೇ, ಯಾರೂ ತಲೆಯೆತ್ತುವುದಿಲ್ಲ. ಅಂದು ಒಂದು ವಿಮಾನ ಬಂತು, ಒದ್ದೆಯ ಸೀರೆ ಹಿಡಿದುಕೊಂಡೇ ನೋಡಿದೆ. ಆಮೇಲೆ ಅಕ್ಕ ಇಳಿದ ಹೊತ್ತು ಕೇಳಿ ಲೆಕ್ಕ ಹಾಕಿದ್ದೇನೆ. ಮಾಮೂಲಿ ವಿಮಾನಕ್ಕೆ ಕಾಯದೆ ಸಿಕ್ಕಿದ್ದನ್ನು ಹಿಡಿದು ಬಂದಿದ್ದಳು, ಅದರಲ್ಲೇ ಅವಳು ಇದ್ದಳು. ನನ್ನ ತಲೆಯ ಮೇಲಿನಿಂದ ದಾಟಿ ಅಮ್ಮನ ಹತ್ತಿರ ಹೋದಳು, ನಾನು ಸೀರೆ ಹಿಂಡಿ ಹರವಿದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಖಾತೂನ್‌ಬಿಯ ಗಂಡ ಬಂದರು. ಅವರನ್ನು ನೋಡಿದ ಕೂಡಲೇ ಅತ್ತೆ, "ಅಯ್ಯ ನನ್ನವ್ವ, ಹೋಗ, ಲಗೂನ ಹೋಗ," ಎಂದು ಎದೆ ಬಡಿದುಕೊಂಡು ತಾವೇ ನನ್ನ ಚಪ್ಪಲಿ ತಂದು ಮುಂದಿಟ್ಟರು. ಈಗ ವಾರ ಬೇಕಾಗಲಿಲ್ಲ, ಕರೆಯುವವರು ಬೇಕಾಗಲಿಲ್ಲ, ಗಂಡನ ಅರ್ಧ ದಿನವೂ ಬೇಕಾಗಲಿಲ್ಲ. ಹತ್ತಿದ ಲೋಕಲ್ ಎಲ್ಲೂ ತಡೆಯದೆ ಸಯನ್ ಮುಟ್ಟಿತು.

ಅಮ್ಮನನ್ನು ಆಸ್ಪತ್ರೆಯಿಂದ ತಂದು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಅಕ್ಕ ಕೂತಿದ್ದಳು, ಇನ್ನೂ ಪ್ರಯಾಣದ ಸೀರೆಯಲ್ಲೇ. ನನ್ನನ್ನು ನೋಡಿ ಎದ್ದು ಬಂದು ತಬ್ಬಿಕೊಂಡಳು.

"ನಿನ್ನೆಯೆಲ್ಲ ಮಾತಾಡಿದಳು ಕಣೆ. ನನ್ನ ಕೈಲಿ ಗಂಜಿ ಕುಡಿದಳು. ಪದ್ಮ ಬಂದಳಾ, ಪದ್ಮ ಬಂದಳಾ ಅಂತ ಬಾಗಿಲು ನೋಡ್ತಾನೇ ಇದ್ದಳು. ಬರ್ತಾಳೆ ಅಂತ ನಾನೂ ಹೇಳ್ತಾನೇ ಇದ್ದೆ. ಯಾಕೆ ಬರಲಿಲ್ಲ?"

ನಾನು ಏನೆಂದು ಹೇಳಲಿ? ಶುಕ್ರವಾರ ಎಂದು ಹೇಳಲೇ? ಅಪ್ಪ ಮೂಲೆಯಲ್ಲಿ ಕೂತಿದ್ದವನು ನನ್ನ ಕಡೆ ನೋಡದೆ ಹೇಳಿದ, "ನಿನಗೂ ಒಂದು ತಂತಿ ಕೊಡಬೇಕಿತ್ತು ಪದ್ದಿ. ಘಾಟ್ಕೋಪರ್‌ಗೆ ಯಾರಾದರೂ ತಂತಿ ಕೊಡ್ತಾರಾ ಅಂತ..." ಅಲ್ಲಿಗೇ ನಿಲ್ಲಿಸಿದ. ನಾನು ಅಮ್ಮನ ಕಾಲ ಬಳಿ ಕೂತೆ.

ಬಂದವರೆಲ್ಲ ಅಕ್ಕನ ಕೈ ಹಿಡಿದು, ಪುಣ್ಯವಂತೆ, ಹೊತ್ತಿಗೆ ಸರಿಯಾಗಿ ಬಂದೆ ಎನ್ನುತ್ತಿದ್ದರು. ಅಮ್ಮನನ್ನು ಒಯ್ದ ಮೇಲೆ ಹೆಂಗಸರು ಮಾತ್ರ ಉಳಿದೆವು. ಮೂರನೆಯ ಮಹಡಿಗೆ ಹೊಸದಾಗಿ ಬಂದಿದ್ದ ಒಬ್ಬಾಕೆ ಆಗಷ್ಟೇ ಒಳಗೆ ಬಂದರು. ಹೊಸದು ಎಂದರೂ ಬಂದು ವರ್ಷವಾಗಿತ್ತಂತೆ. ಆ ಒಂದು ವರ್ಷದಲ್ಲಿ ಒಂದು ಸಲವೂ ಅವರು ನನ್ನನ್ನು ಆ ಬಿಲ್ಡಿಂಗಿನಲ್ಲಿ ಕಂಡಿರಲಿಲ್ಲ. ನನ್ನ ಅತ್ತು ಊದಿದ ಮುಖ ನೋಡಿ ಪಕ್ಕದಲ್ಲಿ ಕೂತರು.

"ನಿಮಗೆ ಮಾತಾಡಿಸೋಕೆ ಸಿಗಲಿಲ್ಲವಂತೆ. ಫಾರಿನ್‌ನಲ್ಲಿರೋ ಮಗಳು ನೀವೇ ಅಲ್ವಾ? ನೈರೋಬಿ?" ಎಂದರು. "ಪಾಪ, ಅಷ್ಟು ದೂರದಿಂದ ಬರೋದಂದ್ರೆ ಸುಮ್ನೇನಾ? ಟಿಕೆಟ್ ಸಿಗಬೇಕು, ಪ್ಲೇನು ಟೈಮಿಗೆ ಬರಬೇಕು. ನಿಮ್ಮ ತಪ್ಪೇನಿದೆ ಹೇಳಿ, ಅಳಬೇಡಿ."

"ಹೌದು ರೀ," ಎಂದೆ, "ನೈರೋಬಿಯಿಂದ ಬಂದೆ."

ಅಕ್ಕ ಪಕ್ಕದಲ್ಲೇ ಕೂತಿದ್ದಳು. ಸರಿದು ಬಂದು ನನಗೆ ಒತ್ತಿ ಕೂತಳು.